ಕರೆದಾಗಲೆಲ್ಲ ಓಗೊಡಬೇಕೆ?

ಮಲೆನಾಡಿನ ಹಳ್ಳಿಯೊಂದರಿಂದ ಬೆಂಗಳೂರಿಗೆ ಓದಲು ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅರುವತ್ತು ವರ್ಷಗಳ ಹಿಂದಾಗಿದ್ದರೆ ಅವನು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದನು. ಅದು ತಾಯಿಯ ಕೈಸೇರಲು ಮೂರು ನಾಲ್ಕು ದಿನ ಹಿಡಿದರೂ ಯಾರೂ ಕಂಗೆಡುತ್ತಿರಲಿಲ್ಲ. ಇಂದು ಅವನ ಜೇಬಿನಲ್ಲಿ ಮೊಬೈಲ್ ಫೋನು ಇದೆ. ಎರಡು ಬಾರಿ ಕರೆದರೂ ಉತ್ತರ ಬರಲಿಲ್ಲವೆಂದರೆ ತಾಯಿಯ ಗಂಟಲಲ್ಲಿ ಅನ್ನ ಇಳಿಯದು. ಹುಡುಗನಾದರೋ ಗ್ರಂಥಾಲಯದಲ್ಲಿ ಓದುತ್ತ ಕುಳಿತಿರುತ್ತಾನೆ, ಅಷ್ಟೆ! ಸಂಪರ್ಕವು ಸುಲಭವಾದಷ್ಟೂ ನೆಮ್ಮದಿ ಹೆಚ್ಚಬೇಕಾಗಿತ್ತಲ್ಲವೆ? ಹಾಗಾಗದೆ ಮೌನವೇ ಭಯಕ್ಕೆ ಕಾರಣವಾದುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವ ಮುನ್ನ, ಕರೆಯೊಂದು ನಮ್ಮನ್ನು ಹುಡುಕಿಕೊಂಡು ಬರುವ ಬಗೆಯನ್ನು ತಿಳಿಯುವುದು ಒಳ್ಳೆಯದು.

ಮೊಬೈಲ್ ಜಾಲವು ನಾಡನ್ನೆಲ್ಲ ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿಕೊಂಡಿರುತ್ತದೆ. ಒಂದೊಂದು ಕೋಶಕ್ಕೂ ರೇಡಿಯೊ ತರಂಗಗಳನ್ನು ಕಳುಹಿಸುವ ಮತ್ತು ಗ್ರಹಿಸುವ ಗೋಪುರವಿದೆ. ಅಕ್ಕಪಕ್ಕದ ಹಲವು ಕೋಶಗಳನ್ನು ಕೂಡಿಸಿ ಒಂದು ವಲಯವೆಂದು ಎಣಿಸುತ್ತಾರೆ. ನಾವು ಒಂದು ವಲಯದಿಂದ ಮತ್ತೊಂದಕ್ಕೆ ಹೋದೆವೆಂದರೆ, ನಮಗೆ ಅರಿವಿಲ್ಲದಂತೆಯೇ ಫೋನು ‘ನಾನೀಗ ಇಲ್ಲಿದ್ದೇನೆ’ ಎಂದು ಜಾಲಕ್ಕೆ ತಿಳಿಸುತ್ತದೆ. ಯಾರಾದರೂ ನಮ್ಮನ್ನು ಕರೆದಾಗ, ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದಿಂದ ಹೆಸರು ಕೂಗಿದಂತೆ, ಆ ವಲಯದ ಗೋಪುರಗಳು ನಮ್ಮ ಫೋನಿನ ಗುರುತನ್ನು ಸಾರುತ್ತವೆ. ನಮ್ಮ ಫೋನು ತನ್ನ ಗುರುತನ್ನು ಕೇಳಿ ಓಗೊಡುತ್ತದೆ. ಆಮೇಲೆ ಗಂಟೆ ಬಾರಿಸುತ್ತದೆ. ಎಂದಮೇಲೆ, ಸದಾ ಕರೆಗೆ ಸಿಕ್ಕುವುದೆಂದರೆ, ನಮ್ಮ ಇರವನ್ನು ಸದಾ ಜಾಲಕ್ಕೆ ತಿಳಿಸುತ್ತಿರುವುದೆಂದೇ ಅರ್ಥ.

ಇದರಿಂದಾದ ಉಪಕಾರ ಸಾಮಾನ್ಯವಲ್ಲ. ಅಪಘಾತವಾದೊಡನೆ ಮನೆಯವರಿಗೆ ಸುದ್ದಿ ಮುಟ್ಟುತ್ತದೆ. ಪಾಳಿ ಮುಗಿಸಿ ಮನೆಗೆ ತೆರಳಿದ ಶಸ್ತ್ರವೈದ್ಯರನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಕರೆಸಬಹುದು. ಜಾಲಕ್ಕೆ ಫೋನಿನ ನೆಲೆ ಗೊತ್ತಿರುವುದರಿಂದ ಕಾಡಿನಲ್ಲಿ ದಾರಿತಪ್ಪಿದವರನ್ನು ಹುಡುಕಲು ಸುಳಿವು ದೊರೆಯುತ್ತದೆ. ಒಂದು ಪ್ರದೇಶದ ಫೋನುಗಳಿಗೆಲ್ಲ ಏಕಕಾಲದಲ್ಲಿ ಎಚ್ಚರಿಕೆಯನ್ನು ಸಾರುವ ವ್ಯವಸ್ಥೆಯನ್ನು 2023 ರಲ್ಲಿ ನಮ್ಮ ದೇಶದಲ್ಲಿಯೂ ಪರೀಕ್ಷಿಸಲಾಯಿತು. ನೆರೆಯೋ ಚಂಡಮಾರುತವೋ ಬಂದೆರಗುವಾಗ ಇಂಥ ಎಚ್ಚರಿಕೆಯಿಂದ ಜೀವಗಳು ಉಳಿಯಬಲ್ಲವು. ಆದುದರಿಂದ ಫೋನನ್ನು ತೊರೆಯಬೇಕೆಂದು ಹೇಳುವುದು ವಿವೇಕವಲ್ಲ.

ಆದರೆ ಈ ಉಪಕಾರಕ್ಕೆ ಬೆಲೆಯುಂಟು. 1995 ರ ಜುಲೈ 31 ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಗೆ ಮಾತನಾಡಿ ಭಾರತದ ಮೊಬೈಲ್ ಸೇವೆಗೆ ನಾಂದಿ ಹಾಡಿದರು. ಆಗ ಕರೆದವರಷ್ಟೇ ಅಲ್ಲ, ಕರೆಯನ್ನು ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು! 2003 ರಲ್ಲಿ ಆ ಪದ್ಧತಿ ಹೋಯಿತು. ಆದರೆ ಸ್ವೀಕರಿಸುವವನು ತೆರುವ ಬೆಲೆ ನಿಜವಾಗಿಯೂ ಇಲ್ಲವಾಯಿತೆ?

ಇಲ್ಲ; ಅದು ಹಣದ ರೂಪವನ್ನು ಬಿಟ್ಟು ಗಮನದ ರೂಪವನ್ನು ತಾಳಿತು. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2015 ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸುತ್ತದೆ. ತೆರೆಯ ಮೇಲೆ ಒಂದಾದಮೇಲೊಂದು ಅಂಕಿಗಳು ಮೂಡುತ್ತಿದ್ದವು. ಒಂದು ನಿರ್ದಿಷ್ಟ ಅಂಕಿಯನ್ನುಳಿದು ಬೇರೆ ಅಂಕಿ ಮೂಡಿದಾಗಲೆಲ್ಲ ವಿದ್ಯಾರ್ಥಿಗಳು ಗುಂಡಿಯೊತ್ತಬೇಕಾಗಿತ್ತು. ಈ ನಡುವೆ ಕೆಲವರ ಫೋನಿಗೆ ಕರೆಯೋ ಸಂದೇಶವೋ ಬರುವಂತೆ ಮಾಡಲಾಯಿತು. ಅವರು ಫೋನನ್ನು ಮುಟ್ಟದಿದ್ದರೂ, ಕರೆ ಬಾರದವರಿಗಿಂತ ಅವರ ತಪ್ಪುಗಳು ಹೆಚ್ಚಿದವು. ಕೈ ಸುಮ್ಮನಿದ್ದರೂ ಮನಸ್ಸು ಸುಮ್ಮನಿರಲಿಲ್ಲ! ‘ಯಾರಿರಬಹುದು? ಏಕಿರಬಹುದು?’ ಎಂಬ ಯೋಚನೆಯೇ ಅದನ್ನು ಸೆಳೆದೊಯ್ಯಲು ಸಾಕು. ಲೆಕ್ಕ ಬಿಡಿಸುತ್ತಿರುವ ವಿದ್ಯಾರ್ಥಿಗೆ ಇದರಿಂದಾಗುವ ನಷ್ಟವನ್ನು ಓದುಗರೇ ಊಹಿಸಬಹುದು.

ಇನ್ನೊಂದು ಬೆಲೆಯೂ ಇದೆ. ಸಿಕ್ಕಬಹುದು ಎಂಬುದು ಬರಬರುತ್ತ ಸಿಕ್ಕಲೇಬೇಕು ಎಂದಾಗುತ್ತದೆ. ಪತ್ರದ ಕಾಲದಲ್ಲಿ ತಡವಾದರೆ ಅಂಚೆಯನ್ನು ದೂರುತ್ತಿದ್ದರು; ಈಗ ಮನುಷ್ಯನನ್ನೇ ದೂರುತ್ತಾರೆ. ತಾಯಿಯ ಕಳವಳಕ್ಕೂ, ಕಚೇರಿಯ ಮೇಲಧಿಕಾರಿಯ ಸಿಟ್ಟಿಗೂ ಇದೇ ಮೂಲ. ಫ್ರಾನ್ಸಿನಲ್ಲಿ 2017 ರ ಜನವರಿಯಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆ ಮುಗಿದಮೇಲೆ ಸಂಪರ್ಕದಿಂದ ಬಿಡುವು ಪಡೆಯುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂದು ಕಾನೂನು ವಿಧಿಸಿತು. ಬಿಡುವು ಪಡೆಯಲು ಕಾನೂನೇ ಬೇಕಾಯಿತೆಂಬುದು ವಿಚಾರಮಾಡತಕ್ಕ ಸಂಗತಿ.

ಹಾಗಾದರೆ ಪರಿಹಾರವೇನು? ಅದನ್ನು ಫೋನಿನಿಂದಲೇ ಕಲಿಯಬಹುದು. ಸದಾ ಕಿವಿಗೊಟ್ಟಿರುವಂತೆ ತೋರುವ ಈ ಯಂತ್ರವು ವಾಸ್ತವವಾಗಿ ಹಾಗಿರುವುದಿಲ್ಲ. ಸುಮ್ಮನಿರುವಾಗ ಅದರ ರೇಡಿಯೊ ಭಾಗವು ಬಹುಪಾಲು ಹೊತ್ತು ನಿದ್ರಿಸುತ್ತದೆ. ಗೋಪುರದೊಡನೆ ಮೊದಲೇ ಗೊತ್ತುಮಾಡಿಕೊಂಡ ಕ್ಷಣಕ್ಕೆ ಎಚ್ಚತ್ತು, ತನ್ನನ್ನು ಯಾರಾದರೂ ಕರೆದರೇ ಎಂದು ಕೇಳಿ, ಮತ್ತೆ ಮಲಗುತ್ತದೆ. ನಾಲ್ಕನೆಯ ಪೀಳಿಗೆಯ ಜಾಲಗಳಲ್ಲಿ ಈ ಆವರ್ತದ ಅವಧಿಯನ್ನು 0.32 ರಿಂದ 2.56 ಸೆಕೆಂಡುಗಳೊಳಗೆ ಗೊತ್ತುಪಡಿಸಿರುತ್ತಾರೆ. ಹೀಗೆ ಮಾಡದಿದ್ದರೆ ಬ್ಯಾಟರಿಯು ಬಹುಬೇಗ ಬರಿದಾಗುತ್ತಿತ್ತು. ಯಂತ್ರಕ್ಕೇ ಬಿಡುವು ಬೇಕಾಗಿರುವಾಗ ಮನುಷ್ಯನ ಮನಸ್ಸಿಗೆ ಬೇಡವೆ?

ನಮ್ಮ ವಿದ್ಯಾರ್ಥಿಯೂ ತಾಯಿಯೊಡನೆ ಇಂಥದೇ ಒಪ್ಪಂದ ಮಾಡಿಕೊಳ್ಳಬಹುದು. ‘ಅಮ್ಮಾ, ಸಂಜೆ ಆರರಿಂದ ಎಂಟರವರೆಗೆ ಓದುತ್ತೇನೆ. ಆಮೇಲೆ ನಾನೇ ಮಾತನಾಡಿಸುತ್ತೇನೆ’ ಎಂದು ಹೇಳಿಟ್ಟರೆ ಆ ಎರಡು ಗಂಟೆಗಳ ಮೌನಕ್ಕೆ ಅರ್ಥ ಬರುತ್ತದೆ. ಅದು ಭಯ ಹುಟ್ಟಿಸುವುದಿಲ್ಲ. ಫೋನನ್ನು ಪೂರ್ತಿ ಆರಿಸಬೇಕಾಗಿಯೂ ಇಲ್ಲ. ಉಳಿದ ಕರೆಗಳನ್ನೆಲ್ಲ ಮೌನವಾಗಿಸಿ, ಆಯ್ದ ಕೆಲವರ ಕರೆ ಮಾತ್ರ ಸದ್ದು ಮಾಡುವಂತೆ ಏರ್ಪಡಿಸುವ ಅನುಕೂಲವು ಇಂದಿನ ಬಹುಪಾಲು ಫೋನುಗಳಲ್ಲಿದೆ. ತುರ್ತಿನ ಕರೆಗೆ ಬಾಗಿಲು ತೆರೆದಿರಲಿ. ಉಳಿದ ಕರೆಗಳು ಹೊಸಿಲಾಚೆ ಸ್ವಲ್ಪ ಹೊತ್ತು ಕಾದಿರಲಿ. ಕರೆಯುವ ಸ್ವಾತಂತ್ರ್ಯ ಇತರರಿಗಿರುವಂತೆ, ಓಗೊಡುವ ವೇಳೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೂ ಇರಬೇಕಷ್ಟೆ.