ಚಿತ್ರದ ಬಂಡೆ, ಉಳ್ಳಾಲದ ಕಲ್ಲು

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕದ ಅಭ್ಯಾಸ ಪಾಠಕ್ಕೆ ನಾನು ಬೋಧನೋಪಕರಣವಾಗಿ ಆರಿಸಿದ್ದು ರಾಜಾ ರವಿವರ್ಮರ (1848–1906) ಒಂದು ಚಿತ್ರದ ಪ್ರತಿ. ಲಂಕೆಗೆ ದಾರಿ ಬಿಡದ ಸಮುದ್ರದ ಮೇಲೆ ಮುನಿದ ಶ್ರೀರಾಮ ಕಡಲಂಚಿನ ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತಿದ್ದಾನೆ. ಉಕ್ಕುವ ಅಲೆಗಳ ನಡುವಿನಿಂದ ವರುಣ ಎದ್ದು ಬಂದು ಬೇಡಿಕೊಳ್ಳುತ್ತಿದ್ದಾನೆ. ರವಿವರ್ಮರು ಪಾಶ್ಚಾತ್ಯ ತೈಲವರ್ಣ ಪದ್ಧತಿಯಲ್ಲಿ ನೆರಳು–ಬೆಳಕು ತುಂಬಿ ಬರೆದವರು. ಹಾಗಾಗಿ ಪುರಾಣದ ಕಥೆಯಾದರೂ ಬಂಡೆಗೆ ಬಂಡೆಯ ತೂಕ, ನೀರಿಗೆ ನೀರಿನ ರಭಸ ಇದೆ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವರ ಮುದ್ರಣಾಲಯದಿಂದ ಇಂಥ ದೇವರ ಪಟಗಳು ಮನೆಮನೆಗೆ ಬಂದವು. ಮಕ್ಕಳಿಗೆ ಈ ಶೈಲಿ ಹೊಸದಲ್ಲ.

ಆ ಪರಿಚಯವೇ ಮೊದಲ ದಿನ ತೊಡಕಾಯಿತು. “ಚಿತ್ರದಲ್ಲಿ ಯಾರಿದ್ದಾರೆ?” ಎಂದು ಕೇಳಿದೆ. ರಾಮಾಯಣದ ಕಥೆ ಶುರುವಾಯಿತು. ಬಲದ ಮಾತೇ ಬರಲಿಲ್ಲ. ಇನ್ನೊಂದು ವಿಭಾಗದಲ್ಲಿ ರಾಮ, ವರುಣರ ಮೇಲೆ ಬಿಳಿ ಕಾಗದ ಅಂಟಿಸಿ ಬಂಡೆ, ಕಡಲು, ಆಕಾಶ ಮಾತ್ರ ತೋರಿಸಿದೆ. ಕಪ್ಪುಹಲಗೆಯಲ್ಲಿ ಮೂರು ಕಂಬಸಾಲು ಎಳೆದೆ: ಕಂಡದ್ದು, ಊಹಿಸಿದ್ದು, ಪರೀಕ್ಷಿಸಬೇಕಾದದ್ದು. “ನೊರೆ ಇದೆ” ಮೊದಲನೆಯದರಲ್ಲಿ ಸೇರಿತು. “ಗಾಳಿ ಜೋರಾಗಿದೆ” ಎರಡನೆಯದಕ್ಕೆ ಹೋಯಿತು. “ನೀರು ಬಂಡೆಯನ್ನು ಎಷ್ಟು ಬಲವಾಗಿ ತಳ್ಳುತ್ತದೆ?” ಎಂಬ ಪ್ರಶ್ನೆ ಮೂರನೆಯದಕ್ಕೆ.

ಅಲ್ಲಿಂದ ವಿವರಣೆ ಸುಲಭವಾಯಿತು. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕಿಲೋಗ್ರಾಂ ತೂಗುತ್ತದೆ. ಇಳಿಜಾರು ಕಡಿಮೆಯಿರುವ ಮರಳು ದಡದಲ್ಲಿ ಅಲೆಯ ಎತ್ತರ ನೀರಿನ ಆಳದ ಸುಮಾರು 0.8 ಪಟ್ಟು ಆದಾಗ ಅಲೆ ಮುರಿಯುತ್ತದೆ. ಪಣಂಬೂರಿನಲ್ಲಿ ಅಲೆ ದೂರದಲ್ಲೇ ಮುರಿದು, ಶಕ್ತಿ ಕಳೆದುಕೊಂಡು ನಮ್ಮ ಕಾಲಿಗೆ ತಾಗುವುದು ಇದರಿಂದಲೇ. ಬಂಡೆಯ ಬುಡದಲ್ಲೇ ನೀರು ಆಳವಾಗಿದ್ದರೆ ಅಲೆ ಮುರಿಯದೆ ಬಂದು ಬಡಿದು ಮೇಲಕ್ಕೆ ಚಿಮ್ಮುತ್ತದೆ. ಸೋಮೇಶ್ವರದ ಬಂಡೆಗಳನ್ನು ಕಂಡಿದ್ದ ಮಕ್ಕಳು ಕೂಡಲೇ ತಲೆಯಾಡಿಸಿದರು.

ಆಗ ಉಳ್ಳಾಲದ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು: “ಟೀಚರ್, ಈ ಬಂಡೆ ಜಾರುವುದಿಲ್ಲ. ನಮ್ಮ ಮನೆ ಹಿಂದೆ ಲಾರಿಯಲ್ಲಿ ತಂದು ಹಾಕಿದ ಕಲ್ಲು ಮಳೆಗಾಲದಲ್ಲಿ ಯಾಕೆ ಜಾರಿತು?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಟ್ರೇಯಲ್ಲಿ ಮರಳು ಹರಡಿ, ಮೇಲೆ ಜಲ್ಲಿಕಲ್ಲು ಇಟ್ಟು, ನೀರು ಅಲುಗಿಸಿದೆವು. ನೀರು ಹಿಂದೆ ಸರಿಯುವಾಗ ಕಲ್ಲಿನ ಬುಡದ ಮರಳನ್ನು ಎಳೆದೊಯ್ದಿತು, ಕಲ್ಲು ವಾಲಿತು. ಚಿತ್ರದಲ್ಲಿರುವಂಥ ಬಂಡೆ ನೆಲದ ಶಿಲೆಯದೇ ಭಾಗ. ತಂದು ಹಾಕಿದ ಕಲ್ಲು ನಿಂತಿರುವುದು ಮರಳಿನ ಮೇಲೆ. “ಹಾಗಾದರೆ ಕಲ್ಲಿನ ಅಡಿಗೆ ಏನು ಹಾಕಬೇಕು?” ಎಂದು ಅವಳು ಕೇಳಿದಾಗ ಗಂಟೆ ಬಾರಿಸಿತು.

ಮೌಲ್ಯಮಾಪನದ ಪ್ರಶ್ನೆಗಳು ಉಳಿದುಹೋದವು. ಮಾರ್ಗದರ್ಶಕರು ಅದನ್ನು ದೋಷವೆಂದೇ ಬರೆದರು. ಅದು ಸರಿ. ಆದರೆ ಮುಂದಿನ ಪಾಠವನ್ನು ನಾನು ಆರಂಭಿಸಿದ್ದು ಅವಳ ಪ್ರಶ್ನೆಯಿಂದ. ಚಿತ್ರ ತೋರಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: “ಯಾರು?” ಎಂಬ ಪ್ರಶ್ನೆಯನ್ನು ಕೊನೆಗಿಡಿ, ಅಂಟಿಸಿದ ಕಾಗದವನ್ನೂ ಆಗಲೇ ತೆಗೆಯಿರಿ.