ಹೆದ್ದಾರಿಗೆ ಸೇರುವಾಗ ಮೊದಲು ಯಾರು?

ಬೆಂಗಳೂರು–ಮೈಸೂರು ಹೆದ್ದಾರಿಗೆ ಸರ್ವಿಸ್ ರಸ್ತೆ ಬಂದು ಕೂಡುವ ಯಾವುದಾದರೊಂದು ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ತರಕಾರಿ ಹೇರಿಕೊಂಡ ಟಾಟಾ ಏಸ್ ಬರುತ್ತದೆ. ಚಾಲಕ ಕತ್ತನ್ನು ಪೂರ್ತಿ ಬಲಕ್ಕೆ ಹೊರಳಿಸಿ, ಮುಂದಿನ ಚಕ್ರವನ್ನಷ್ಟೇ ಬಿಳಿ ಗೆರೆ ದಾಟಿಸಿ, ಅಲ್ಲೇ ಬ್ರೇಕ್ ಒತ್ತುತ್ತಾನೆ. ಹಿಂದಿನಿಂದ ಬರುವ ಕಾರು ದೂರದಿಂದಲೇ ಡಿಪ್ಪರ್ ಹೊಡೆಯುತ್ತದೆ. ನಮ್ಮಲ್ಲಿ ಅದರರ್ಥ, ‘ನಾನಂತೂ ನಿಲ್ಲಿಸಲ್ಲ’. ಬ್ರಿಟನ್ನಿನಲ್ಲಾದರೆ ಎಷ್ಟೋ ಮಂದಿ ಅದೇ ದೀಪ ಮಿನುಗಿಸಿ ‘ನೀವು ಹೋಗಿ’ ಅನ್ನುತ್ತಾರೆ.

ಕಾನೂನಿನಲ್ಲಿ ಗೊಂದಲವೇನಿಲ್ಲ. ಮುಖ್ಯರಸ್ತೆಗೆ ಬರುವವನು ಅದರಲ್ಲಿ ಸಾಗುತ್ತಿರುವವರಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದರೂ ಈ ಆದ್ಯತೆ ಬದಲಾಗಲಿಲ್ಲ. ಜರ್ಮನಿಯ ಆಟೋಬಾನ್‌ನಲ್ಲೂ ಇದೇ ನಿಯಮ. ಮೂತಿ ತೂರಿಸಿದವನಿಗೇ ದಾರಿ ಎಂಬುದು ನಾವು ಚೌಕಗಳಲ್ಲಿ ಕಲಿತ ಪಾಠ, ಅಷ್ಟೆ.

ಆದರೆ ದಾರಿ ಬಿಡುವುದೆಂದರೆ ಗೆರೆಯ ಮೇಲೆ ನಿಂತುಬಿಡುವುದಲ್ಲ. ನಮ್ಮವರು ಎಡವುವುದು ಇಲ್ಲೇ. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ನೀವು 20ರಲ್ಲಿ ಒಳನುಗ್ಗಿದರೆ, 100 ಮೀಟರ್ ಹಿಂದೆ ಕಂಡ ಆ ಕಾರು ಐದು ಸೆಕೆಂಡಿನೊಳಗೆ ನಿಮ್ಮ ಡಿಕ್ಕಿಗೆ ತಾಗುವಷ್ಟು ಹತ್ತಿರ. 80ರಲ್ಲಿ ಸೇರಿದರೋ, ಅದೇ ಅಂತರ ಕರಗಲು 18 ಸೆಕೆಂಡು ಬೇಕು. ಅವನಿಗೆ ಬ್ರೇಕ್ ಹಾಕಲೂ ಲೇನ್ ಬದಲಿಸಲೂ ಧಾರಾಳ ಸಮಯ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿದ್ದರ ಹಿಂದಿನ ಲೆಕ್ಕವೂ ಇದೇ: ವೇಗಕ್ಕಿಂತ ವೇಗಗಳ ನಡುವಿನ ಅಂತರ ಹೆಚ್ಚು ಅಪಾಯ.

ವೇಗ ಏರಿಸಿಕೊಳ್ಳಲು ಜಾಗವೂ ಬೇಕಲ್ಲ! ಸಾಧಾರಣ ಕಾರು 30ರಿಂದ 90ಕ್ಕೆ ಏರಲು ಹತ್ತು ಸೆಕೆಂಡು ಹಿಡಿದರೆ, ಅಷ್ಟರಲ್ಲಿ 165 ಮೀಟರ್‌ಗೂ ಹೆಚ್ಚು ದಾರಿ ಸವೆದಿರುತ್ತದೆ. ಹೆದ್ದಾರಿಯ ಪಕ್ಕದಲ್ಲೇ ಓಡುವ ಉದ್ದನೆಯ ಸೇರ್ಪಡೆ ಲೇನ್ ಇರುವುದು ಅದಕ್ಕೆ. ತಡೆಗೋಡೆ ನಡುವೆ ಒಂದು ಕಿಂಡಿ ಬಿಟ್ಟು ‘ಪ್ರವೇಶ’ ಎಂದು ಫಲಕ ನೆಟ್ಟರೆ ಚಾಲಕ ಎಷ್ಟೇ ಸಂಭಾವಿತನಾದರೂ ಏನು ಮಾಡಿಯಾನು?

ಇನ್ನೊಂದು ತಮಾಷೆ ನೋಡಿ. ಎಡದ ಲೇನ್ ನಿಧಾನದವರದ್ದು ಎಂಬ ಲೆಕ್ಕದಲ್ಲೇ ಸೇರುವ ದಾರಿಗಳೆಲ್ಲ ಎಡಕ್ಕಿವೆ. ನಮ್ಮ ಲಾರಿಗಳೋ ಬಲದ ಲೇನ್ ಹಿಡಿದು ಗಜಗಮನದಲ್ಲಿ ಸಾಗುತ್ತವೆ. ಅವಸರದವರು ಎಡದಿಂದ ಓವರ್‌ಟೇಕ್ ಮಾಡುತ್ತಾರೆ. ಹೀಗಾಗಿ ಹೊಸದಾಗಿ ಸೇರುವವನಿಗೆ ಎದುರಾಗುವುದೇ ಅತಿ ವೇಗದ ಗಾಡಿ, ಅದೂ ಲಾರಿಯ ಮರೆಯಿಂದ ದಿಢೀರನೆ. ಲಾರಿ ದಾಟಿದ ಮೇಲೆ ಗ್ಯಾಪ್ ಸಿಕ್ಕಿತೆಂದು ನುಗ್ಗುವ ಮುನ್ನ ಅದರ ಹಿಂಬದಿಯನ್ನೊಮ್ಮೆ ನೋಡಬೇಕು. ಕನ್ನಡಿಯನ್ನಷ್ಟೇ ನಂಬದೆ ಕತ್ತು ತಿರುಗಿಸಿ.

ಮೊದಲ ಹಕ್ಕು ಇರುವ ಹೆದ್ದಾರಿಯವನೂ ಬಲಗಡೆ ಖಾಲಿಯಿದ್ದರೆ ಆಚೆ ಸರಿಯಬಹುದು, ಇಲ್ಲದಿದ್ದರೆ ಆಕ್ಸಿಲರೇಟರ್ ಮೇಲಿನ ಕಾಲು ತುಸು ಸಡಿಲಿಸಬಹುದು. ಇಂಡಿಕೇಟರ್ ಕಂಡೊಡನೆ ಗ್ಯಾಪ್ ಮುಚ್ಚಲು ವೇಗ ಹೆಚ್ಚಿಸುವುದು ಶುದ್ಧ ಹಟ. ಸೇರಿದವನೂ ಅಷ್ಟೇ: ಒಳಬಂದ ಗಳಿಗೆಯಲ್ಲೇ ಓರೆಯಾಗಿ ಬಲತುದಿಗೆ ಹಾರದೆ, ಸುತ್ತಲಿನ ವೇಗಕ್ಕೆ ಒಗ್ಗುವವರೆಗೆ ಎಡದ ಲೇನಿನಲ್ಲೇ ಇರಲಿ.