ಕರೆಂಟಿಗೆ ತೆರೆಯುವ ನೀರಿನ ಬಾಗಿಲು

ಅಡಿಕೆ ತೋಟಕ್ಕೆ ನೀರು ತಿರುಗಿಸಲು ನಡುರಾತ್ರಿ ಟಾರ್ಚು ಹಿಡಿದು ಇಳಿದವರಿಗೆ ಸೊಲೆನಾಯ್ಡ್ ವಾಲ್ವಿನ ಉಪಕಾರವನ್ನು ವಿವರಿಸಬೇಕಾಗಿಲ್ಲ. ಟೈಮರಿನಲ್ಲಿ ಹೊತ್ತು ಗೊತ್ತುಮಾಡಿದರಾಯಿತು, ವಾಲ್ವು ತಾನೇ ತೆರೆದು ತಾನೇ ಮುಚ್ಚುತ್ತದೆ.

ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲುಗಿಸುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡರು. ಅಂಥ ತಂತಿಯನ್ನು ಸುರುಳಿ ಸುತ್ತಿ ಒಳಗೆ ಕಬ್ಬಿಣದ ಗೂಟವಿಟ್ಟರೆ, ಕರೆಂಟು ಬಂದಾಗ ಗೂಟ ಮೇಲೇಳುತ್ತದೆ. ಕರೆಂಟು ಹೋದೊಡನೆ ಸ್ಪ್ರಿಂಗು ಅದನ್ನು ಕೆಳಗೊತ್ತುತ್ತದೆ.

ಆದರೆ ಎರಡಿಂಚು ಪೈಪಿನ ನೀರಿಗೆ ಎದುರು ನಿಲ್ಲುವ ಬಲ ಆ ಪುಟ್ಟ ಗೂಟಕ್ಕೆಲ್ಲಿ? ಅದಕ್ಕಾಗಿಯೇ ದೊಡ್ಡ ವಾಲ್ವುಗಳೊಳಗೆ ರಬ್ಬರಿನ ಪೊರೆಯುಂಟು. ಸಣ್ಣ ರಂಧ್ರದಿಂದ ಪೊರೆಯ ಮೇಲ್ಬದಿಗೆ ಬಂದ ನೀರು ಅದನ್ನು ಅದುಮಿ ಹಿಡಿದಿರುತ್ತದೆ. ಗೂಟ ಎದ್ದಾಗ ಮೇಲಿನ ನೀರು ಹೊರಗೆ ಜಾರುತ್ತದೆ, ಕೆಳಗಿನ ನೀರು ಪೊರೆಯನ್ನೆತ್ತಿ ಹರಿಯುತ್ತದೆ. ಅಯಸ್ಕಾಂತ ಸರಿಸುವುದು ಚಿಲಕವನ್ನಷ್ಟೇ, ಬಾಗಿಲನ್ನು ದೂಡುವುದು ನೀರು.

ನಮ್ಮವರು ಎಡವುವುದು ಇಲ್ಲಿ. ಒಂದು ಬಾರ್ ಒತ್ತಡಕ್ಕೆ ನೀರು ಸುಮಾರು 10 ಮೀಟರು ಎತ್ತರದಲ್ಲಿರಬೇಕು. ಸುರಂಗದ ನೀರು ತುಂಬುವ ಟಾಂಕಿ ತೋಟಕ್ಕಿಂತ ಒಂದೆರಡು ಮೀಟರಷ್ಟೇ ಮೇಲಿದ್ದರೆ ವಾಲ್ವು 'ಟಕ್' ಎಂದೀತು, ಪೊರೆ ಸರಿಯಾಗಿ ಏಳದು. ಅಂಗಡಿಯವನನ್ನು ಬಯ್ದು ಫಲವಿಲ್ಲ! ಎಷ್ಟು ಒತ್ತಡ ಬೇಕೆಂದು ಕೊಳ್ಳುವಾಗಲೇ ಕೇಳಬೇಕು. ಒತ್ತಡವಿಲ್ಲದೆಯೂ ತೆರೆಯುವ, ಗೂಟವೇ ನೇರವಾಗಿ ಎತ್ತುವ ಜಾತಿಯೂ ಉಂಟು. ಇನ್ನು, ಆ ಸಣ್ಣ ರಂಧ್ರಕ್ಕೆ ಮರಳು ಸಿಕ್ಕಿದರೆ ತೆರೆದ ವಾಲ್ವು ಮುಚ್ಚದೆ ಬೆಳಗಿನವರೆಗೆ ಟಾಂಕಿ ಬರಿದಾದೀತು. ಮುಂದೊಂದು ಫಿಲ್ಟರು ಇರಲಿ.